ಏನೂ ಮಾಡದ ಕೆಲಸ

ಕೂತು ತಿನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ನಿಂತೇ ತಿನ್ನುವವಳು: ಒಂದು ತುತ್ತು ಬಾಯಿಗೆ, ಒಂದು ಕಣ್ಣು ಇಸ್ತ್ರಿಪೆಟ್ಟಿಗೆಯ ಮೇಲೆ. ನಮ್ಮದು ಲಾಂಡ್ರಿ. ಊರಿನ ದೊಡ್ಡ ಹೋಟೆಲುಗಳ ಬೆಡ್‌ಶೀಟು, ಟವೆಲು, ಮೇಜಿನ ಬಟ್ಟೆ ಎಲ್ಲ ಮೂಟೆಗಟ್ಟಲೆ ಬಂದು ಬೀಳುತ್ತವೆ. ಒಳಗೆ ಯಂತ್ರಗಳ ಗಡಗಡ, ಹೊರಗೆ ಉದ್ದನೆಯ ಮೇಜಿನ ಬಳಿ ನನ್ನ ಗೊಣಗಾಟ, ಮಧ್ಯೆ ಹಬೆ. ತಂಗಿಯ ಗಂಡ ಬೆನ್ನ ಹಿಂದೆ ನನ್ನನ್ನು ‘ಕಾದ ಇಸ್ತ್ರಿ’ ಅನ್ನುತ್ತಾನೆ. ನನಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾನೆ, ಪಾಪ.

ಅಂಥ ನನ್ನನ್ನು ಆಸ್ಪತ್ರೆಯವರು ಒಂದು ಕುರ್ಚಿಯಲ್ಲಿ ಕೂರಿಸಿ, ಏನೂ ಮಾಡಬೇಡಿ ಅಂದರು.

ಆದದ್ದಿಷ್ಟು. ತಂಗಿಗೆ ದಿನ ತುಂಬುವ ಎಷ್ಟೋ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಮಡಿಸಿದ ಒಂದು ಟವೆಲಿನ ತೂಕವೂ ಇರಲಿಲ್ಲ. ಹೆರಿಗೆಯ ಆಪರೇಷನ್ ಆದ ಮೇಲೆ ತಂಗಿ ಜ್ವರ ಹಿಡಿದು ಮೇಲಿನ ಮಹಡಿಯಲ್ಲಿ ಮಲಗಿದಳು. ಜ್ವರ ಬಿಡುವ ತನಕ ಮಗುವಿನ ಹತ್ತಿರ ಸುಳಿಯುವಂತಿಲ್ಲ. ಕೂಸು ಕೆಳಗಡೆ ಗಾಜಿನ ಪೆಟ್ಟಿಗೆಯೊಳಗೆ, ಮೈತುಂಬ ವೈರುಗಳೊಂದಿಗೆ. ಅದಕ್ಕೆ ಬೇರೆ ರೋಗವೇನೂ ಇರಲಿಲ್ಲ. ಆದರೆ ಆಗಾಗ ಉಸಿರಾಡುವುದನ್ನೇ ಮರೆತುಬಿಡುತ್ತಿತ್ತು.

“ಉಸಿರಾಡೋದನ್ನೂ ಮರೀತಾರೇನ್ರಿ ಯಾರಾದ್ರೂ?” ಎಂದು ನರ್ಸಿನ ಮೇಲೆ ಹರಿಹಾಯ್ದೆ.

“ಇಷ್ಟು ಬೇಗ ಹುಟ್ಟಿದವು ಮರೀತವೆ. ಇನ್ನೂ ಕಲಿತಿಲ್ಲ ನೋಡಿ. ಯಾರದ್ದಾದ್ರೂ ಎದೆ ಮೇಲೆ ಬೆಚ್ಚಗೆ ಮಲಗಿದ್ರೆ, ಅವರ ಉಸಿರಿನ ಜೊತೆ ಜೊತೆಗೇ ಕಲಿಯುತ್ತೆ.”

ಮರೆವು ನಿಂತರೆ ಕೂಸು ಬದುಕೀತು. ನಿಲ್ಲದಿದ್ದರೆ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೂಸಿನ ತಂದೆಯನ್ನು ಕೂರಿಸೋಣವೆಂದರೆ ಆ ಮಹರಾಯನಿಗೆ ಸರಿಯಾಗಿ ಅದೇ ಹೊತ್ತಿಗೆ ನೆಗಡಿ. ಮೂಗು ಟೊಮೇಟೊ ಆಗಿತ್ತು. ಕಿಟಕಿಯ ಆಚೆ ನಿಂತು ಕೈ ಬೀಸುವುದೊಂದೇ ಅವನ ಪಾಲಿಗೆ ಉಳಿದದ್ದು.

ನರ್ಸು ನನ್ನ ಅಂಗೈ ಹಿಡಿದು ನೋಡಿದರು. “ಎಷ್ಟು ಬೆಚ್ಚಗಿದೀರ ನೀವು!”

“ದಿನವಿಡೀ ಹಬೆಯಲ್ಲಿ ಬೇಯೋಳು, ಬೆಚ್ಚಗಿರದೆ ಏನು?”

“ಹಾಗಾದ್ರೆ ನೀವೇ ಕೂತ್ಕೊಳ್ಳಿ.”

ಮುಂದೆ ಗುಂಡಿಯಿರುವ ಅಂಗಿ ತೊಡಿಸಿ, ಒರಗುವ ಕುರ್ಚಿಯಲ್ಲಿ ಕೂರಿಸಿ, ಕೂಸನ್ನು ತಂದು ನನ್ನ ಬರಿ ಎದೆಯ ಮೇಲೆ ಕವುಚಿ ಮಲಗಿಸಿ, ಮೇಲೆ ಹೊದಿಕೆ ಹೊದಿಸಿದರು. ತಲೆಗೊಂದು ಪುಟ್ಟ ಟೋಪಿ. ನನಗೆ ಗೊತ್ತಿದ್ದ ವಿದ್ಯೆ ಒಂದೇ. ಮಗು ಅಂದಮೇಲೆ ಬೆನ್ನು ತಟ್ಟಬೇಕು, ತೂಗಬೇಕು, ಲಾಲಿ ಹೇಳಬೇಕು. ಶುರು ಹಚ್ಚಿಕೊಂಡೆ.

“ತಟ್ಟಬೇಡಿ,” ಅಂದರು ನರ್ಸು.

ತೂಗತೊಡಗಿದೆ.

“ತೂಗಬೇಡಿ. ಹಾಡೂ ಬೇಡ. ಅದಕ್ಕೆ ಅಷ್ಟೆಲ್ಲಾ ತಡ್ಕೊಳ್ಳೋಕಾಗಲ್ಲ, ಸುಸ್ತಾಗುತ್ತೆ.”

“ಮತ್ತೆ ನಾನೇನ್ರೀ ಮಾಡ್ಲಿ?”

“ಏನೂ ಮಾಡ್ಬೇಡಿ. ಸುಮ್ನೆ ಇರಿ.”

ಸುಮ್ಮನೆ ಇರುವುದಂತೆ! ಅದು ಬಾಯಲ್ಲಿ ಹೇಳಿದಷ್ಟು ಸುಲಭವೇ? ಕೂತ ಸ್ವಲ್ಪ ಹೊತ್ತಿಗೇ ನನ್ನ ಕಣ್ಣು ಎದುರಿನ ಪರದೆಯ ಮೇಲೆ ಬಿತ್ತು. ಒಂದು ಕಡೆ ಕೊಂಡಿ ಕಳಚಿ ಜೋತುಬಿದ್ದಿತ್ತು. ಪಕ್ಕದ ಮಂಚದ ಹಾಸನ್ನು ಯಾವ ಪುಣ್ಯಾತ್ಮರು ಇಸ್ತ್ರಿ ಮಾಡಿದ್ದರೋ, ಮೂಲೆಯಲ್ಲಿ ಸುಕ್ಕು ಹಾಗೇ ಇತ್ತು. ಎದ್ದು ಸರಿಮಾಡದೆ ನನ್ನ ಕೈ ತುರಿಸತೊಡಗಿತು. ಮೂಗಿನ ತುದಿಯೂ ತುರಿಸಿತು. ಅಂಗಡಿಯ ನೆನಪಾಯಿತು. ಸಂಜೆಯೊಳಗೆ ಹೋಗಬೇಕಾದ ಮೂಟೆಗಳು ಕಣ್ಣ ಮುಂದೆ ಸಾಲುಗಟ್ಟಿ ನಿಂತವು. ಹೊದಿಕೆಯ ಕೆಳಗಿನಿಂದ ಮೆಲ್ಲಗೆ ಕೈ ಹೊರಗೆ ಹಾಕಿ, ಪಕ್ಕದ ಚೀಲದಿಂದ ಫೋನು ತೆಗೆದು, ಅಂಗಡಿಯ ತಾತನಿಗೆ ಹಚ್ಚಿದೆ. ತಾತನೆಂದರೆ ನನ್ನ ಜೊತೆ ಇಸ್ತ್ರಿ ಮಾಡುವವನು. ಹಲ್ಲಿಲ್ಲದಿದ್ದರೂ ನಾಲಿಗೆ ಮಾತ್ರ ಚೂಪು.

“ತಾತ, ಆ ಬಿಳಿ ಮೂಟೆ ಬಿಚ್ಚಿದ್ಯಾ? ನೀರು ತುಂಬಾ ಬಿಸಿ ಇಡ್ಬೇಡ. ಡ್ರೈವರ್ ಬಂದ್ರೆ...” ಎಂದು ಪಿಸುಗುಡುತ್ತಿದ್ದ ನನ್ನ ದನಿ ಅದ್ಯಾವಾಗ ಏರಿತೋ.

ಅಷ್ಟರಲ್ಲಿ ತಲೆಯ ಮೇಲಿದ್ದ, ಕೂಸಿನ ಉಸಿರು ಕಾಯುವ ಯಂತ್ರ ಕಿರುಚಿಕೊಂಡಿತು.

ಕೆಂಪು ದೀಪ. ಎದೆಯ ಮೇಲಿನ ಕೂಸು ಬಟ್ಟೆಯ ಬೊಂಬೆಯಂತೆ ಅಲುಗದೆ ಬಿದ್ದಿತ್ತು. ಫೋನು ಎಲ್ಲಿ ಬಿತ್ತೋ ಗೊತ್ತಿಲ್ಲ. ನರ್ಸು ಓಡಿಬಂದು ಹೊದಿಕೆಯೊಳಗೆ ಕೈ ಹಾಕಿ ಅಂಗಾಲು ಉಜ್ಜಿದರು. ಕೂಸು ಬೆಚ್ಚಿಬಿದ್ದಂತೆ ಒಂದು ಉಸಿರು ಎಳೆಯಿತು. ಆಮೇಲೆ ಇನ್ನೊಂದು. ದೀಪ ಹಸಿರಾಯಿತು. ನಾನು ಮಾತ್ರ ಹಾಗೇ ಬಿಗಿದುಕೊಂಡು ಕೂತಿದ್ದೆ.

“ಅದು ಬಿಡ್ತು. ಈಗ ನೀವು ಉಸಿರು ಬಿಡಿ,” ಅಂದರು ನರ್ಸು, ನನ್ನ ಭುಜದ ಮೇಲೆ ಕೈಯಿಟ್ಟು.

ಬಿಟ್ಟೆ. ಅದರ ಜೊತೆಗೇ ಕಣ್ಣೀರೂ ಬಂತು. “ನನ್ನಿಂದ್ಲೇ ಆಯ್ತಾ ಸಿಸ್ಟರ್?”

“ಇಲ್ಲಮ್ಮಾ. ಪೆಟ್ಟಿಗೆಯಲ್ಲಿದ್ದಾಗ್ಲೂ ಆಗ್ತಿತ್ತಲ್ಲ. ಆದ್ರೆ ನಿಮ್ಮ ಎದೆ ಓಡೋ ಕುದುರೆ ಥರ ಬಡ್ಕೊಳ್ತಿದ್ರೆ ಪಾಪ ಅದು ಯಾವ ಲೆಕ್ಕಕ್ಕೆ ಉಸಿರಾಡ್ಬೇಕು ಹೇಳಿ?”

ಬೇರೆ ಯಾರಾದರೂ ಹೀಗಂದಿದ್ದರೆ ಎರಡು ಬಾರಿಸುವಂತೆ ಮಾತಾಡುತ್ತಿದ್ದೆ. ಅವತ್ತು ಕೂಸಿನ ಟೋಪಿಯನ್ನೇ ನೋಡುತ್ತ ಕೂತೆ. ನೆಲದ ಮೇಲೆ ಫೋನಿನಿಂದ ತಾತ ಇನ್ನೂ “ಹಲೋ, ಹಲೋ” ಅನ್ನುತ್ತಿದ್ದ. ನರ್ಸು ಎತ್ತಿಕೊಟ್ಟರು.

“ಇಲ್ಲಿ ಎಲ್ಲಾ ನಡೀತಿದೆ ಕಣವ್ವಾ,” ಅಂದ ತಾತ. “ನೀನಿಲ್ದೆ ಇನ್ನೂ ಚೆನ್ನಾಗೇ ನಡೀತಿದೆ. ಫೋನ್ ಇಡು.”

ಅವನ ಮಾತು ಚುಚ್ಚಿತು. ಇಷ್ಟು ವರ್ಷ ನಾನು ಒಂದು ಗಳಿಗೆ ಕೂತರೆ ಲಾಂಡ್ರಿಯ ಛಾವಣಿ ಕಳಚಿ ಬೀಳುತ್ತದೆ ಅಂದುಕೊಂಡಿದ್ದೆ. ಬೀಳಲಿಲ್ಲವಂತೆ. ಸಿಟ್ಟೂ ಬಂತು, ನಗುವೂ ಬಂತು. ಫೋನನ್ನು ಆರಿಸಿ ಚೀಲಕ್ಕೆ ಹಾಕಲು ನರ್ಸಿಗೇ ಹೇಳಿದೆ.

ಮರುದಿನ ಕೂತೆ, ಅದರ ಮರುದಿನವೂ ಕೂತೆ. ಬೆಳಗಾದರೆ ಕೈಕಾಲು ತೊಳೆದು, ಅಂಗಿ ತೊಟ್ಟು ಹಾಜರ್. ತುರಿಸುವ ಮೂಗು ತುರಿಸಿ ತುರಿಸಿ ಆಮೇಲೆ ತಾನೇ ಸುಮ್ಮನಾಗುತ್ತದೆಂದು ಗೊತ್ತಾಯಿತು. ಪರದೆ ಜೋತುಬಿದ್ದೇ ಇತ್ತು, ಅದರಿಂದ ಪ್ರಪಂಚವೇನೂ ಮುಳುಗಲಿಲ್ಲ. ಯಾವಾಗಲೂ ಕಿವಿಯ ಹತ್ತಿರ ಎತ್ತಿಕೊಂಡಿರುತ್ತಿದ್ದ ನನ್ನ ಭುಜಗಳು ಒಂದು ದಿನ ತಾವಾಗಿಯೇ ಕೆಳಗಿಳಿದವು. ಅವು ಅಷ್ಟು ನೋಯುತ್ತಿದ್ದವು ಅನ್ನುವುದೇ ಇಳಿದ ಮೇಲೆ ತಿಳಿದದ್ದು. ಕೂಸಿನ ಬಿಸಿ ಉಸಿರು ಕುತ್ತಿಗೆಯ ಗುಳಿಗೆ ತಾಕುತ್ತಿತ್ತು, ಇರುವೆ ಓಡಾಡಿದ ಹಾಗೆ. ನಾನು ಉಸಿರೆಳೆದರೆ ಅದೂ ಮೇಲೇರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ‘ಎಷ್ಟು ಮುದ್ದೇ ನೀನು, ಕಳ್ಳಿ’ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಗಟ್ಟಿಯಾಗಿ ಅಂದರೆ ನರ್ಸು ಬಯ್ಯುತ್ತಾರಲ್ಲ. ಇಷ್ಟೊಂದು ಪ್ರೀತಿ ಇಷ್ಟು ದಿನ ನನ್ನೊಳಗೆ ಎಲ್ಲಿ ಅಡಗಿತ್ತೋ, ಕೂತಲ್ಲೇ ಉಕ್ಕಿ ಬರುತ್ತಿತ್ತು.

ಯಂತ್ರದ ಕಿರುಚಾಟ ಕಡಿಮೆಯಾಗುತ್ತ ಬಂತು. ಒಂದು ಇಡೀ ದಿನ ಅದು ಬಾಯಿ ಬಿಡಲಿಲ್ಲ. ಕಿಟಕಿಯಾಚೆ ತಂಗಿಯ ಗಂಡ ಎರಡೂ ಕೈ ಎತ್ತಿ ಕುಣಿದ. ಕುಣಿತದ ಮಧ್ಯೆ ಸೀನಿದ.

ಆಮೇಲೆ ತಂಗಿಯ ಜ್ವರ ಬಿಟ್ಟಿತು. ಗಾಲಿಕುರ್ಚಿಯಲ್ಲಿ ಕೂರಿಸಿ ಕರೆತಂದರು. ಕೆನ್ನೆ ಬತ್ತಿ, ಕಣ್ಣು ಒಳಗೆ ಹೋಗಿ, ಅವಳೇ ಒಂದು ಕೂಸಿನ ಹಾಗೆ ಕಾಣುತ್ತಿದ್ದಳು. ನಮ್ಮಮ್ಮ ಬೇಗ ಹೋಗಿಬಿಟ್ಟಿದ್ದರಿಂದ ಅವಳನ್ನು ಸಾಕಿದ್ದು ನಾನೇ. ಅವಳು ಹೆದರಿದ್ದಾಳೆಂದು ಮುಖ ನೋಡಿದರೇ ನನಗೆ ತಿಳಿಯುತ್ತದೆ. ಗೋಡೆಗೆ ಸೇರಿಸಿದ್ದ ಮಂಚದ ಮೇಲೆ ಅವಳನ್ನು ಕೂರಿಸಿ, ನನ್ನ ಎದೆಯಿಂದ ಕೂಸನ್ನು ಬಿಡಿಸಿ ಅವಳ ಎದೆಗೆ ಮಲಗಿಸಿದರು. ಕೂಸಿನ ಬಿಸುಪು ಹೋಗಿ ನನ್ನ ಎದೆಗೆ ಚಳಿ ಹತ್ತಿತು.

ತಂಗಿಯ ಉಸಿರು ಮೇಲೆಯೇ ಸಿಕ್ಕಿಕೊಂಡಿತ್ತು. ಕೂಸು ಕೊಸರಾಡಿತು, ಮುಖ ಕಿವುಚಿತು, ಯಂತ್ರದ ಅಂಕಿ ಇಳಿಯತೊಡಗಿತು. ಕೆಂಪು ದೀಪ ಹತ್ತಲಿಲ್ಲ, ಆದರೆ ಹಳದಿ ಮಿನುಗಿತು.

“ಅಕ್ಕಾ, ಅದಕ್ಕೆ ನಾನು ಬೇಡ,” ಅಂದಳು. “ನಾನ್ಯಾರು ಅಂತಾನೇ ಗೊತ್ತಿಲ್ಲ ಅದಕ್ಕೆ. ನೀನೇ ತಗೋ. ನಿನ್ನ ಹತ್ರ ಚೆನ್ನಾಗಿರುತ್ತೆ.”

ತೆಗೆದುಕೊಳ್ಳಬೇಕೆಂದು ನನಗೆ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಕೈ ಆಗಲೇ ಮುಂದೆ ಹೋಗಿತ್ತು. ಈಗ ತೆಗೆದುಕೊಂಡರೆ ಇವಳು ಇನ್ನೆಂದೂ ಧೈರ್ಯದಿಂದ ಎತ್ತಿಕೊಳ್ಳಲಾರಳು ಎಂದು ಹೊಳೆದು ಕೈ ಹಿಂದಕ್ಕೆಳೆದುಕೊಂಡೆ. ಚಪ್ಪಲಿ ಕಳಚಿ ಮಂಚ ಹತ್ತಿದೆ. ಗೋಡೆಗೆ ಒರಗಿ ಅವಳ ಹಿಂದೆ ಕೂತು, ಹೊಲಿಗೆಗೆ ನೋವಾಗದ ಹಾಗೆ ನಿಧಾನವಾಗಿ ಅವಳ ಬೆನ್ನನ್ನು ನನ್ನ ಎದೆಗೆ ಒರಗಿಸಿಕೊಂಡೆ.

“ಏನ್ ಮಾಡ್ತಿದೀಯಾ ಅಕ್ಕ?”

“ಬಾಯ್ಮುಚ್ಕೊಂಡು ಒರಗೇ.”

ಮೊದಲು ಅವಳ ಬೆನ್ನು ಹಲಗೆಯ ಹಾಗೆ ಸೆಟೆದಿತ್ತು. ನಾನು ಮಾತಾಡಲಿಲ್ಲ, ತಲೆ ನೇವರಿಸಲೂ ಇಲ್ಲ. ಉಸಿರಾಡಿದೆ, ಅಷ್ಟೆ. ಉದ್ದವಾಗಿ ಎಳೆದೆ, ನಿಧಾನವಾಗಿ ಬಿಟ್ಟೆ. ಬಹಳ ಹೊತ್ತಿನ ಮೇಲೆ ಅವಳ ಬೆನ್ನು ಸಡಿಲವಾಯಿತು. ಅವಳ ಉಸಿರು ನನ್ನದರ ಜೊತೆ ಸೇರಿಕೊಂಡಿತು. ಅವಳ ಮುಂದೆ, ಹೊದಿಕೆಯೊಳಗೆ, ಕೂಸಿನ ಕೊಸರಾಟ ನಿಂತಿತು. ಅಂಕಿ ಮೇಲೇರಿ ಅಲ್ಲೇ ನಿಂತಿತು.

“ಅಕ್ಕಾ, ನನ್ನ ಹತ್ರ ನಿದ್ದೆ ಮಾಡ್ತಿದೆ,” ಅಂದಳು ತಂಗಿ. ಹೆರಿಗೆಯಾದಂದಿನಿಂದ ಅವಳ ದನಿಯಲ್ಲಿ ಅಂಥ ಖುಷಿ ಕೇಳಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ತಲೆಯೂ ನನ್ನ ಭುಜಕ್ಕೆ ಜಾರಿತು. ಚಿಕ್ಕವಳಿದ್ದಾಗಿನ ಹಾಗೆ ಬಾಯಿ ತುಸು ತೆರೆದುಕೊಂಡು ನಿದ್ದೆಹೋದಳು. ನನ್ನ ಕಾಲು ಜೋಮು ಹಿಡಿಯಿತು, ಸೊಂಟ ಹಿಡಿದುಕೊಂಡಿತು. ನರ್ಸು ಬಂದು ಯಂತ್ರ ನೋಡಿ, ನಮ್ಮನ್ನು ನೋಡಿ, ಬಗ್ಗಿ ಪಿಸುಗುಟ್ಟಿದರು: “ನಿಮಗೇನಾದ್ರೂ ಬೇಕಾ?”

ಬೇಡವೆಂದು ತಲೆ ಕೂಡ ಅಲ್ಲಾಡಿಸಲಿಲ್ಲ. ಅಲ್ಲಾಡಿಸಿದ್ದರೆ ನನ್ನ ಇಬ್ಬರು ಮಕ್ಕಳೂ ಎದ್ದುಬಿಡುತ್ತಿದ್ದರು.