ಕಾಗಿಣಾ ನದಿಗೆ ಬಿಟ್ಟ ಹಾಳೆಗಳು

ಗಣಕಯಂತ್ರವನ್ನು ಚಾಲೂ ಮಾಡಿದೊಡನೆ ಕಪ್ಪು ತೆರೆಯ ಮೇಲೆ ಎರಡು ಹೆಸರುಗಳು ಮೂಡಬೇಕಾಗಿತ್ತು. ಒಂದು ವಿಂಡೋಸ್, ಇನ್ನೊಂದು ಲಿನಕ್ಸ್. ಬೇಕಾದುದನ್ನು ಆರಿಸಿ ಗುಂಡಿ ಒತ್ತುವುದು ಎರಡು ವರ್ಷ ನನ್ನ ಪ್ರಾತಃಕಾಲದ ರೂಢಿಯಾಗಿತ್ತು. ೨೦೦೨ರ ಶ್ರಾವಣದ ಆ ಬೆಳಿಗ್ಗೆ ತೆರೆಯು ನನ್ನನ್ನು ಏನೂ ಕೇಳಲಿಲ್ಲ. ನೇರವಾಗಿ ವಿಂಡೋಸ್ ತೆರೆದುಕೊಂಡಿತು. ಯಂತ್ರವನ್ನು ಮೂರು ಸಲ ಬಂದ್ ಮಾಡಿ ಹಚ್ಚಿದೆ. ಲಿನಕ್ಸಿನ ಹೆಸರು ಬರಲಿಲ್ಲ. ನನ್ನ ತಂದೆಯವರ ಟಿಪ್ಪಣಿ ಇದ್ದುದು ಅದರಲ್ಲಿ ಮಾತ್ರ.

ನಮ್ಮ ವಂಶದ ಹಿರಿಯರೊಬ್ಬರು ನೃಸಿಂಹನನ್ನು ಕುರಿತು ರಚಿಸಿದ ನೂರೆಂಟು ಶ್ಲೋಕಗಳಿಗೆ ತಂದೆಯವರು ಸೇಡಂನ ಇದೇ ಮನೆಯಲ್ಲಿ ಮೂವತ್ತು ವರ್ಷ ಕುಳಿತು ಸಂಸ್ಕೃತದಲ್ಲಿ ಟಿಪ್ಪಣಿ ಬರೆದಿದ್ದರು. ಶಾಯಿ ಕಾಗದವನ್ನು ತಿಂದು, ಮುಟ್ಟಿದರೆ ಅಕ್ಷರದ ಆಕಾರದಲ್ಲೇ ತೂತು ಬೀಳುತ್ತಿತ್ತು. ಶಾಲೆಯಿಂದ ನಿವೃತ್ತನಾದ ಮೇಲೆ ಅದನ್ನು ಅಚ್ಚಿಗೆ ಸಿದ್ಧಪಡಿಸುವ ಸಂಕಲ್ಪ ಮಾಡಿದೆ. ನನ್ನ ವಿದ್ಯಾರ್ಥಿಯಾಗಿದ್ದು ಈಗ ಆದಿತ್ಯನಗರದಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವ ಮತೀನ, ಒಂದೇ ಯಂತ್ರದಲ್ಲಿ ಎರಡು ವ್ಯವಸ್ಥೆಗಳನ್ನು ಇರಿಸಿಕೊಟ್ಟಿದ್ದ: ಕನ್ನಡದ ಪತ್ರವ್ಯವಹಾರಕ್ಕೆ ವಿಂಡೋಸ್, ದೇವನಾಗರಿಯ ಜೋಡಣೆಗೆ ಲಿನಕ್ಸ್. ಹನ್ನೆರಡು ಶ್ಲೋಕಗಳಿಗೆ ಒಂದರಂತೆ ಒಂಬತ್ತು ಕಡತಗಳನ್ನು ನಾನೇ ಬೆರಳಚ್ಚಿಸಿದೆ.

ಆಷಾಢ ಶುದ್ಧ ಏಕಾದಶಿಯಂದು ಕೊನೆಯ ಶ್ಲೋಕ ಮುಗಿಯಿತು. ಜೀರ್ಣವಾದ ಗ್ರಂಥವನ್ನು ಹರಿಯುವ ನೀರಿಗೆ ಒಪ್ಪಿಸುವುದು ನಮ್ಮ ಮನೆತನದ ಪದ್ಧತಿ. ಕಾಗಿಣಾ ನದಿ ಹರಿಯುವ ಮಳಖೇಡದ ಬಸ್ಸು ಹೊರಡುವ ವೇಳೆಯಾಗಿತ್ತು. ಯಂತ್ರದ ಮುಂದಿನಿಂದ ಎದ್ದು, ಗೋಡೆಯ ಸ್ವಿಚ್ಚನ್ನೇ ಆರಿಸಿ, ತಂದೆಯವರ ಹಾಳೆಗಳನ್ನು ಮಡಿವಸ್ತ್ರದಲ್ಲಿ ಕಟ್ಟಿಕೊಂಡು ಬಸ್ಸಿಗೆ ನಡೆದೆ. ಕಾಗಿಣಾ ತುಂಬಿ ಹರಿಯುತ್ತಿತ್ತು. ಗಂಟು ಸ್ವಲ್ಪ ದೂರ ತೇಲಿ, ನೆನೆದು, ಕದಡಿದ ನೀರಿನೊಳಗೆ ಇಳಿಯಿತು. ಪಿತೃಋಣ ತೀರಿತೆಂದು ಹಗುರಾಗಿ ಮನೆಗೆ ಬಂದು ಉಪವಾಸ ಪೂರೈಸಿದೆ.

ಕೆಲವು ದಿನಗಳ ಅನಂತರ ವಿಂಡೋಸ್ ಪದೇ ಪದೇ ನಿಂತುಹೋಗತೊಡಗಿತು. ಯಂತ್ರವನ್ನು ಬಜಾರಿನ ಅಂಗಡಿಯೊಂದಕ್ಕೆ ಒಯ್ದೆ. ಲಿನಕ್ಸ್ ಇದ್ದ ಭಾಗವನ್ನು ಮುಟ್ಟಬಾರದೆಂದು ಎರಡು ಸಲ ಹೇಳಿದ್ದೆ. ಅವರು ಅದನ್ನು ಮುಟ್ಟದೆ ವಿಂಡೋಸನ್ನಷ್ಟೇ ಹೊಸದಾಗಿ ಹಾಕಿಕೊಟ್ಟರು. ಮುದ್ರಣಾಲಯಕ್ಕೆ ಪ್ರತಿ ಕಳಿಸೋಣವೆಂದು ಕುಳಿತ ಬೆಳಿಗ್ಗೆಯೇ ಲಿನಕ್ಸ್ ಕಾಣೆಯಾಗಿತ್ತು.

ಫೋನು ಮಾಡಿದೆ. ಮತೀನ ಮಧ್ಯಾಹ್ನವೇ ಬಂದ. ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟು, ಯಂತ್ರದ ಮುಂದೆ ಕುಳಿತು, ಒಂದೆರಡು ಗುಂಡಿ ಒತ್ತಿ ನೋಡಿ ನಕ್ಕ.

"ಮನಿ ಒಂದು, ಸಂಸಾರ ಎರಡು ಅಂತ ತಿಳ್ಕೋರಿ ಗುರುಗಳ. ತಲಬಾಗಲಕ್ಕ ಇಬ್ಬರ ಹೆಸರಿನ ಬೋರ್ಡ್ ಇತ್ತು. ಹೊಸದಾಗಿ ಬಂದಾವ ಅದನ್ನ ಕಿತ್ತಿ ತನ್ನ ಬೋರ್ಡ್ ಬಡದಾನ. ಒಳಗಿನವರು ಒಳಗೇ ಅದಾರ, ಹೊರಗಿನವರಿಗೆ ಕಾಣಂಗಿಲ್ಲ ಅಷ್ಟೆ."

ಇಂಥ ಹೊತ್ತಿಗೆಂದೇ ತಾನು ಮಾಡಿಕೊಟ್ಟಿದ್ದ ಫ್ಲಾಪಿಯನ್ನು ಕೇಳಿದ. ಅದರಿಂದ ಲಿನಕ್ಸನ್ನು ಎಬ್ಬಿಸಬಹುದಂತೆ. ನನ್ನ ಪತ್ನಿ ರುಕ್ಮಿಣಿಬಾಯಿ ಅದನ್ನು ದೇವರ ಗೂಡಿನಿಂದ ತಂದಳು. ಮತೀನ ಫ್ಲಾಪಿಯ ತಗಡನ್ನು ಸರಿಸಿ ನೋಡಿದ. ಒಳಗಿನ ತೆಳುವಾದ ಬಿಲ್ಲೆಯ ಮೇಲೆ ಗಂಧ ಒಣಗಿ ಪದರುಗಟ್ಟಿತ್ತು.

"ಪೂಜಾ ಭಾಳ ಭಕ್ತಿಲೆ ಆಗ್ಯದ, ಅಮ್ಮಾ," ಎಂದ.

"ಕಷ್ಟಕಾಲಕ್ಕ ಬೇಕಾಗೋದು ಅಂತ ನೀನೇ ಹೇಳಿದ್ದಿ," ಎಂದಳು ರುಕ್ಮಿಣಿ. "ಅದಕ್ಕೇ ದಸರಾದ ಖಂಡೇಪೂಜಾದಾಗ ಎರಡು ಬೊಟ್ಟು ಹೆಚ್ಚಿಗಿ ಹಚ್ಚೀನಿ."

ಅದು ಕೆಲಸಕ್ಕೆ ಬರಲಿಲ್ಲ. ವಾಡಿಯ ಗೆಳೆಯನೊಬ್ಬನಲ್ಲಿ ಲಿನಕ್ಸಿನ ಸಿ.ಡಿ. ಇದೆ, ನಾಳೆ ತರುತ್ತೇನೆ ಎಂದು ಎದ್ದವನು, ನನ್ನ ಮುಖ ಕಂಡು ಸಮಾಧಾನ ಹೇಳಿದ: ಅಕಸ್ಮಾತ್ ಏನಾದರೂ ಆದರೂ ಮೂಲ ಪ್ರತಿ ಇದ್ದೇ ಇದೆಯಲ್ಲ, ಈ ಸಲ ತಾನೇ ಕೂತು ಟೈಪು ಮಾಡಿಕೊಡುವುದಾಗಿ.

ಅದನ್ನು ನದಿಗೆ ಬಿಟ್ಟ ಸಂಗತಿ ತಿಳಿಸಿದೆ. ಅವನು ಮತ್ತೆ ಕುಳಿತುಕೊಂಡ.

"ನಮ್ಮ ಅಜ್ಜಿ ಸೈದಾನಬಿ ಶಹಾಬಾದದಾಗ ಹಂಗೇ ಮಾಡತಿದ್ಳರಿ," ಎಂದ. "ಕುರಾನಿನ ಹಾಳಿ ಹರದು ಹಳೇದಾದ್ರ ಬಿಳೀ ಅರಿವ್ಯಾಗ ಕಟ್ಟಿ ಇದೇ ಕಾಗಿಣಾಕ್ಕ ಬಿಡ್ತಿದ್ಳು. ಕಾಲಾಗ ಬರಬಾರದು ಅಂತ. ಆದ್ರ ಗುರುಗಳ, ಕುರಾನು ಮನಿಮನ್ಯಾಗ ಅದ. ನಿಮ್ದು ಒಂದೇ ಇತ್ತು."

ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಅವನು ಚಪ್ಪಲಿ ಮೆಟ್ಟಿ ಹೊರಡುವವರೆಗೆ ಬಾಗಿಲಲ್ಲಿ ಶಿಷ್ಯನಂತೆ ನಿಂತಿದ್ದೆ.

ಮರುದಿನ ಬೆಳಗಿನ ಸಂಧ್ಯಾವಂದನೆ ಮುಗಿಸಿ ಪಡಸಾಲೆಗೆ ಬರುವ ವೇಳೆಗೆ ಅವನು ಸಿ.ಡಿ. ಹಾಕಿ ಕುಳಿತಿದ್ದ. ಕಪ್ಪು ತೆರೆಯ ಮೇಲೆ ಬಿಳಿಯ ಸಾಲುಗಳು ಏರತೊಡಗಿದವು. ನಾನು ಮನಸ್ಸಿನಲ್ಲೇ ತಂದೆಯವರ ಮಂಗಲಶ್ಲೋಕ ಹೇಳಿಕೊಳ್ಳುತ್ತ ನಿಂತೆ. ಸಾಲುಗಳು ಒಂದೆಡೆ ನಿಂತವು. ಮತೀನನ ಬೆರಳೂ ನಿಂತಿತು.

"ಕೊನೇ ಸಲ ಹ್ಯಾಂಗ ಬಂದ್ ಮಾಡಿದ್ರಿ?"

ಗೋಡೆಯ ಸ್ವಿಚ್ಚು, ಬಸ್ಸು, ಎಲ್ಲವನ್ನೂ ಹೇಳಿದೆ. ಲಿನಕ್ಸನ್ನು ಮುಚ್ಚದೆ ವಿದ್ಯುತ್ತನ್ನು ತೆಗೆಯಬಾರದೆಂದು ಅವನು ಮೊದಲ ದಿನವೇ ಕಲಿಸಿದ್ದ. ಬರೆದದ್ದು ಡಿಸ್ಕಿಗೆ ಪೂರ್ತಿ ಇಳಿಯಲು ಅದಕ್ಕೆ ಸಮಯ ಬೇಕು. ಈಗ ಯಂತ್ರವು ತನ್ನ ಡಿಸ್ಕನ್ನು ತಾನೇ ತಪಾಸಣೆ ಮಾಡಿಕೊಳ್ಳತೊಡಗಿತು. ಅದು ಮುಗಿದ ಮೇಲೆ ಮತೀನ ಒಂದೊಂದೇ ಕಡತ ತೆರೆದ. ಎಂಟೂ ಅಕ್ಷರಶಃ ಇದ್ದವು. ಒಂಬತ್ತನೆಯದರಲ್ಲಿ ನೂರನೆಯ ಶ್ಲೋಕದ ಟಿಪ್ಪಣಿಯವರೆಗೆ ಸರಿಯಾಗಿತ್ತು. ಅದರ ಮುಂದೆ ಅರ್ಥವಿಲ್ಲದ ಚಿಹ್ನೆಗಳು, ಆಮೇಲೆ ಬರಿದು. ತನಗೆ ತಿಳಿದ ಉಪಾಯಗಳನ್ನೆಲ್ಲ ಅವನು ಸಂಜೆಯವರೆಗೆ ಮಾಡಿ ನೋಡಿದ. ಕೊನೆಯ ಎಂಟು ಶ್ಲೋಕಗಳ ಟಿಪ್ಪಣಿ ಸಿಗಲಿಲ್ಲ.

ಹೋಗುವ ಮೊದಲು ತೆರೆಯ ಮೇಲೆ ಎರಡು ಹೆಸರುಗಳು ಮತ್ತೆ ಮೂಡುವಂತೆ ಮಾಡಿದ. ಉಳಿದುದನ್ನು ಎರಡು ಸಿ.ಡಿ.ಗಳಿಗೆ ಇಳಿಸಿ ಒಂದನ್ನು ನನಗೆ ಕೊಟ್ಟು, ಇನ್ನೊಂದು ತನ್ನ ಮನೆಯಲ್ಲಿರಲೇ ಎಂದು ಕೇಳಿದ. ಇರಲಿ ಎಂದೆ. ರುಕ್ಮಿಣಿ ನನ್ನ ಸಿ.ಡಿ.ಯನ್ನು ದೇವರ ಗೂಡಿನಲ್ಲಿಡದೆ ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು.

ಆ ವಾರ ಅವಳೇ ಒಮ್ಮೆ ಹೇಳಿದಳು: "ಮಾವನವರ ಬಾಯಿಂದ ನೀವು ಅದನ್ನ ನೂರು ಸಲ ಕೇಳೀರಿ. ಕೂತು ಬರೀರಿ. ಎಂಟೇ ಶ್ಲೋಕ. ಯಾರಿಗೆ ಗೊತ್ತಾಗತದ?"

ಕುಳಿತೆ. ನೂರೊಂದನೆಯ ಶ್ಲೋಕಕ್ಕೆ ಅನಾಯಾಸವಾಗಿ ಆರು ಪಂಕ್ತಿ ಬಂದವು. ತಂದೆಯವರ ಶೈಲಿಯೇ. ಓದಿ ನೋಡಿದೆ. ಯಾವ ವಾಕ್ಯ ಅವರದು, ಯಾವುದು ನನ್ನದು ಎಂದು ಬರೆದ ನನಗೇ ಗುರುತು ಹತ್ತಲಿಲ್ಲ. ನಾನು ಸತ್ತ ಮೇಲೆ ಓದುವವನಿಗೆ ಹತ್ತುವುದಾದರೂ ಹೇಗೆ? ಆರೂ ಪಂಕ್ತಿಗಳನ್ನು ಅಳಿಸಿದೆ.

ಹಳೆಯ ಪ್ರತಿಗಳಲ್ಲಿ ಪಾಠ ಲೋಪವಾದ ಸ್ಥಳದಲ್ಲಿ 'ಅತ್ರ ಗ್ರಂಥಪಾತಃ' ಎಂದು ಗುರುತು ಹಾಕುತ್ತಾರೆ. ಯಾರಿಂದ ಹೋಯಿತೆಂದು ಬರೆಯುವ ವಾಡಿಕೆಯಿಲ್ಲ. ಓದುಗರು ತಪ್ಪನ್ನು ಹುಳುವಿನ ಮೇಲೋ ಕಾಲದ ಮೇಲೋ ಹಾಕಿ ಮುಂದೆ ಸಾಗುತ್ತಾರೆ. ನಾನು ಆ ಗುರುತನ್ನು ಹಾಕಿ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಎಂಟು ಶ್ಲೋಕಗಳ ಟಿಪ್ಪಣಿ ನಷ್ಟ, ಕಾರಣ, ಸಂಪಾದಕನಾದ ಪುತ್ರನ ಅವಸರ. ಹೆಸರನ್ನೂ ಬರೆದೆ.

ಆಮೇಲೆ ಮತೀನ ಕಲಿಸಿದ ಕ್ರಮದಲ್ಲಿ ಕಡತವನ್ನು ಮುಚ್ಚಿ, ವ್ಯವಸ್ಥೆಯನ್ನು ಮುಚ್ಚಲು ಆಜ್ಞೆ ಕೊಟ್ಟೆ. ಸಾಲುಗಳು ಒಂದೊಂದಾಗಿ ಬಂದವು. ರುಕ್ಮಿಣಿ ಊಟಕ್ಕೆ ಎರಡು ಸಲ ಕರೆದಳು. ಇನ್ನು ಆರಿಸಬಹುದೆಂಬ ಕೊನೆಯ ಸಾಲು ಮೂಡುವವರೆಗೆ ನಾನು ಗೋಡೆಯ ಸ್ವಿಚ್ಚಿನ ಬಳಿ ನಿಂತೇ ಇದ್ದೆ.