ಅರ್ಧ ಬೆರಳು

ಸೈನ್ಯದ ಭರ್ತಿ ಕಚೇರಿಯಲ್ಲಿ ಎತ್ತರ ಅಳೆಯುವವನು ಊರ ಹುಡುಗರಿಗೆಲ್ಲ ಮಾವ. ಮಾಜಿ ಸೈನಿಕ, ಒಂದು ಕಾಲು ಕುಂಟು, ಬಾಯಿ ಮಾತ್ರ ಬಲು ಚುರುಕು. ಯಾರಾದರೂ ಅರ್ಧ ಬೆರಳು ಗಿಡ್ಡವಿದ್ದರೆ ಬೈದು ಅಟ್ಟುವ ಜಾಯಮಾನ ಅವನದಲ್ಲ. ಹಿಂದಿನ ಕೋಣೆಯ ಬೆಂಚಿನ ಮೇಲೆ ಅಂಗಾತ ಮಲಗಿಸುತ್ತಿದ್ದ. ನಿಂತು ನಿಂತು ಕುಗ್ಗಿದ ಬೆನ್ನು ಮಲಗಿದರೆ ಹಿಗ್ಗುತ್ತದೆ. ಎದ್ದ ಕೂಡಲೇ ಗೋಡೆಗೆ ನಿಲ್ಲಿಸಿದರೆ ತಲೆ ಅಳತೆಯ ಗೆರೆ ಮುಟ್ಟುತ್ತದೆ. "ನಮ್ಮ ಆಫೀಸಿಂದ ಯಾರೂ ಬರಿಗೈಲಿ ಹೋಗಲ್ಲ" ಎಂದು ತಂಗಿಯ ಮನೆಯಲ್ಲಿ ಎಷ್ಟೋ ಸಲ ಜಂಬ ಕೊಚ್ಚಿದ್ದ.

ತಂಗಿಯ ಹಿರಿಯ ಮಗನೂ ಆ ಬೆಂಚಿನ ಮೇಲೆ ಮಲಗಿ ಎದ್ದವನೇ. ವರ್ಷ ತುಂಬುವುದರೊಳಗೆ ಪೆಟ್ಟಿಗೆಯಲ್ಲಿ ಮನೆಗೆ ಬಂದ. ತಂಗಿ ಅಣ್ಣನಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಕಿರಿಯವನೂ ಸೇರುತ್ತೇನೆಂದು ಹಟ ಹಿಡಿದಿದ್ದ. ತಂಗಿ ಪಾತ್ರೆ ಉಜ್ಜುತ್ತಲೇ, ಮುಖ ಎತ್ತದೆ ಹೇಳಿದಳು: "ಇವ್ನೂ ಅವನ ಹಾಗೇ ಗಿಡ್ಡ. ಇದ್ದದ್ದು ಇದ್ದ ಹಾಗೆ ಅಳತೆ ಮಾಡಣ್ಣ. ಬೆಂಚಿನ ಮೇಲೆ ಮಲಗಿಸ್ಬೇಡ. ಅಷ್ಟೇ ನಾನು ಕೇಳೋದು."

ಅವನು ಮಾತು ಕೊಟ್ಟ.

ಭರ್ತಿಯ ದಿನ ಸೋದರಳಿಯನನ್ನು ಸಾಲಿನ ಕೊನೆಗೆ ನಿಲ್ಲಿಸಿದ. ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತ ಹುಡುಗ ಇದ್ದ ಎತ್ತರಕ್ಕಿಂತಲೂ ಕುಗ್ಗಿದ್ದ. ಗೋಡೆಗೆ ನಿಲ್ಲಿಸಿದರೆ ಗೆರೆಗೆ ಅರ್ಧ ಬೆರಳು ಕಮ್ಮಿ.

"ಆಗಲಿಲ್ಲಪ್ಪ. ಮನೆಗೆ ನಡಿ."

"ಮಾವ, ಬೆಂಚು..."

"ಬೆಂಚೂ ಇಲ್ಲ, ಗಿಂಚೂ ಇಲ್ಲ."

ಹುಡುಗನ ಕಣ್ಣು ತುಂಬಿತು. ಆದರೂ ಎದುರಿನ ಅಂಗಡಿಯಲ್ಲಿ ಕೂತು ಟೀ ಕುಡಿಯುವಾಗ, ಎಷ್ಟೋ ತಿಂಗಳ ಮೇಲೆ ಮಾವನ ನಾಲಗೆಗೆ ರುಚಿ ತಿಳಿಯಿತು.

ಕಚೇರಿಗೆ ಮರಳಿದಾಗ ತೂಕ ನೋಡುವ ಯುವಕ ನಗುತ್ತ ಎದುರಾದ. ಎತ್ತರ ಅಳೆಯುವ ಕೆಲಸವನ್ನೂ ಅವನಿಗೆ ಮಾವನೇ ಕಲಿಸಿದ್ದ.

"ನಿಮ್ಮ ಸ್ವಂತ ತಂಗಿ ಮಗನಂತೆ. ಒಂದು ಮಾತು ಹೇಳ್ಬಾರ್ದಾ? ನಮ್ಮವನು ಅಂತ ನೀವೇ ಪಾಸು ಮಾಡಿದ್ರೆ ಜನ ಆಡ್ಕೋತಾರೆ ಅಂತ ಹೆದರಿದ್ರಿ, ನಂಗೆ ಅರ್ಥ ಆಯ್ತು ಬಿಡಿ. ಹೊರಗೆ ಅಳ್ತಾ ಕೂತಿದ್ದ. ಕರ್ಕೊಂಡು ಹೋಗಿ ಬೆಂಚಿನ ಮೇಲೆ ಮಲಗಿಸಿದೆ. ಗೆರೆ ಮುಟ್ಟಿದ. ಸಾಹೇಬರು ಸಹಿನೂ ಹಾಕಿದ್ರು."

ಸೋದರಳಿಯ ಓಡಿ ಬಂದು ಅವನನ್ನು ತಬ್ಬಿಕೊಂಡ. "ನೀವೇ ಹೇಳಿ ಕಳಿಸಿದ್ರಿ ಅಲ್ವಾ ಮಾವ? ನೀವು ಕೈ ಬಿಡಲ್ಲ ಅಂತ ಗೊತ್ತಿತ್ತು."

ಮಾವ ಆ ಎಳೆ ಬೆನ್ನಿನ ಮೇಲೆ ಕೈಯಿಟ್ಟ. ಸಹಿ ಬಿದ್ದ ಮೇಲೆ ಅಳಿಸುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ.

ಸಂಜೆ ತಂಗಿ ಬಾಗಿಲಲ್ಲೇ ಕಾದಿದ್ದಳು. ಅಣ್ಣನ ಹಿಂದೆ ಬರುತ್ತಿದ್ದ ಮಗನ ನಡಿಗೆ ನೋಡಿಯೇ ಅವಳಿಗೆ ಎಲ್ಲ ತಿಳಿಯಿತು.

"ನಾನು ಅಳೆದಾಗ ಕಮ್ಮಿನೇ ಇದ್ದ ಕಣಮ್ಮ" ಎಂದ ಅಣ್ಣ.

"ಇದ್ದಿರ್ತಾನೆ" ಎಂದಳು ತಂಗಿ. "ಆದ್ರೆ ನಿಮ್ಮ ಆಫೀಸಿಂದ ಯಾರೂ ಬರಿಗೈಲಿ ಬರಲ್ವಲ್ಲ ಅಣ್ಣ."