ಸೊಂಟದೆತ್ತರದ ಬೇಲಿ

ಪಕ್ಕದ ಮನೆಯ ಅಪ್ಪಾಸಾಹೇಬರು ದಿನಾ ಬೆಳಿಗ್ಗೆ ತಾರಸಿಗೆ ಬಂದು, ತಂಬಿಗೆ ಎತ್ತಿ ಸೂರ್ಯನಿಗೆ ಅರ್ಘ್ಯ ಬಿಡುತ್ತಾರೆ. ನಿವೃತ್ತ ಅಧಿಕಾರಿ. ಗಡಿಭಾಗದ ಅಕ್ಕಲಕೋಟದ ಕಡೆಯವರಾದ್ದರಿಂದ ಪುಣೆಯ ಈ ಕಾಲನಿಯಲ್ಲಿ ನಮ್ಮೊಂದಿಗೆ ಕನ್ನಡ ಆಡುವವರು ಅವರೊಬ್ಬರೇ. ಎಲ್ಲ ಸರಿ. ಆದರೆ ಅವರ ಸೂರ್ಯ ಹುಟ್ಟುವುದು ಪಶ್ಚಿಮಕ್ಕೆ, ನಮ್ಮ ಮನೆ ಹಿಂದಿನ ಪುಟ್ಟ ಈಜುಕೊಳದ ಮೇಲೆ. ಅದೂ ನಾನು ನೀರಿಗಿಳಿಯುವ ಹೊತ್ತಿಗೆ ಸರಿಯಾಗಿ!

ನನ್ನ ಮೊಣಕಾಲು ಸವೆದಿವೆ. ದಿನಾ ನೀರಿನಲ್ಲಿ ನಡೆದರೆ ಆಪರೇಷನ್ ತಪ್ಪಬಹುದು ಎಂದಿದ್ದರು ಡಾಕ್ಟರು. ಸೀರೆಯುಟ್ಟು ನೀರಲ್ಲಿ ನಡೆಯಲು ಆಗುತ್ತದೆಯೇ? ಚಡ್ಡಿ, ತೋಳಿಲ್ಲದ ಅಂಗಿ. ಆ ಕಣ್ಣು ಬಿದ್ದ ಮೇಲೆ ಎರಡು ಸಲ ಸಾಬೂನು ಹಚ್ಚಿ ಮಿಂದರೂ ಮೈಯೆಲ್ಲ ಜಿಗಟು ಅನಿಸುತ್ತಿತ್ತು. ಕಡೆಗೆ ನೀರಿಗಿಳಿಯುವುದನ್ನೇ ಬಿಟ್ಟೆ. ಮೊಣಕಾಲು ಬಾತವು.

ನನ್ನ ಗಂಡ ಮಹೇಶಕುಮಾರರಿಗೆ ಪುಣೆ ಹತ್ತಿರದ ಚಾಕಣದಲ್ಲಿ ವಾಹನಗಳ ಬಿಡಿಭಾಗಗಳ ಕಾರ್ಖಾನೆ. ಅವರಿಗೆ ಹೇಳಿದರೆ ನಕ್ಕರು.

“ಐವತ್ತೈದು ವರ್ಷದಾಕಿನ್ನ ಯಾರ್ ನೋಡತಾರ? ದೇವರ ಪೂಜಾ ಮಾಡತಾರ, ಪಾಪ.”

“ನಿಮಗ ಅದು ಕಾಣಂಗಿಲ್ಲಂದ್ರ ಬಿಡ್ರಿ. ಅಡ್ಡ ಆಗೂವಂಥ ಗಿಡಾನರ ಹಚ್ಚಸ್ರಿ.”

“ಹಚ್ಚೂಣು. ಆದ್ರ ನೀರಾಗ ಎಲಿ ಬೀಳಬಾರದು ನೋಡು. ಕಸಾ ನನಗ ಸೇರಂಗಿಲ್ಲ.”

ಕಸ! ಅವರಿಗೆ ಕಂಡ ಹೊಲಸು ಅದೊಂದೇ. ನರ್ಸರಿಯಲ್ಲಿ ಒಂದೊಂದೇ ಗಿಡವನ್ನು ತಳ್ಳಿಹಾಕಿದರು. ಬಿದಿರು ವರ್ಷವಿಡೀ ಎಲೆ ಉದುರಿಸುತ್ತದೆ. ಕಾಗದದ ಹೂವಿನ ಬಳ್ಳಿ ನೀರನ್ನೇ ಮುಚ್ಚಿಬಿಡುತ್ತದೆ. ಕಣಗಿಲೆ ವಿಷ. ಆಲದ ಜಾತಿಯವುಗಳ ಬೇರು ಕೊಳದ ಗೋಡೆ ಸೀಳುತ್ತದೆ. ಕೊನೆಗೆ ಕ್ಲೂಸಿಯಾ ಎಂಬುದು ಒಪ್ಪಿಗೆಯಾಯಿತು: ದಪ್ಪ ಎಲೆ, ಸದಾ ಹಸಿರು, ಉದುರುವುದು ಅಪರೂಪ, ಬಿಟ್ಟರೆ ಎರಡಾಳು ಎತ್ತರ.

ನೆಡುವ ದಿನ ಅಪ್ಪಾಸಾಹೇಬರು ಕಂಪೌಂಡಿನ ಆಚೆಯಿಂದ ಹಲ್ಲು ಕಿರಿದರು. “ವೈನಿ, ಸೊಂಟದ ಮಟ್ಟಕ್ಕ ಕತ್ತರಿಸಿ ಇಡ್ರಿ. ಭಾಳ ಛಂದ ಕಾಣತದ. ಎತ್ತರ ಬಿಟ್ರ ಗಾಳಿ ಬರಂಗಿಲ್ಲ.”

ಹೊರಗೆಲ್ಲ ಬಸಪ್ಪ, ಒಳಗೆಲ್ಲ ವಿಷಪ್ಪ.

ಮಳೆಗಾಲಗಳು ಕಳೆದವು. ಗಿಡ ಬೆಳೆದು ಅವರ ತಾರಸಿಯನ್ನು ಮರೆಮಾಡಿತು. ನಾನು ಮತ್ತೆ ನೀರಿಗಿಳಿದೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು ತಪ್ಪಿತು.

ಮೊನ್ನೆ ತಂಗಿಯ ಮಗನ ಮದುವೆಗೆಂದು ಇಂದಾಪುರಕ್ಕೆ ಹೋಗಿ ಬಂದು ನೋಡುತ್ತೇನೆ, ಬೇಲಿ ಸೊಂಟದ ಮಟ್ಟಕ್ಕೆ ಬೋಳಾಗಿದೆ. ಕೊಳದ ತುಂಬ ಕತ್ತರಿಸಿದ ಎಲೆ, ಅಂಟು ಒಸರುವ ಕಡ್ಡಿ. ಗಂಡ ಉದ್ದ ಕೋಲಿನ ಬಲೆ ಹಿಡಿದು ಅದನ್ನೆಲ್ಲ ತೆಗೆಯುತ್ತಿದ್ದರು.

“ಅಪ್ಪಾಸಾಹೇಬ್ರು ತಮ್ಮ ಮಾಲಿನ್ನ ಕಳಿಸಿದ್ರು, ಪುಕ್ಕಟೆ. ಗಾಳಿಗೆ ಅಡ್ಡ ಆಗತದಂದ್ರು. ಬಾಜೂ ಮನಿಯವ್ರಿಗೆ ಹೆಂಗ ಒಲ್ಲೆ ಅನ್ನೂದು?”

ಕಳ್ಳನ ಕೈಗೆ ಕೀಲಿ ಕೊಟ್ಟು, ಅದನ್ನು ಉಪಕಾರವೆನ್ನುವ ಈ ಮನುಷ್ಯ! ಆ ಮುದುಕನಿಗಿಂತ ಇವರನ್ನು ಕಂಡೇ ನನಗೆ ಹೆಚ್ಚು ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಬೇಕೆಂದೇ ನೀರಿಗಿಳಿದೆ. ಗಂಡ ದಂಡೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ತಾರಸಿಯ ಮೇಲೆ ತಂಬಿಗೆ ಎದ್ದಿತು. ನಾನು ಕೊಳದ ನಡುವೆ ನಿಂತು, ಕಾಲನಿಗೆಲ್ಲ ಕೇಳುವಂತೆ ಅಪ್ಪಾಸಾಹೇಬರ ಹೆಂಡತಿಯನ್ನು ಕೂಗಿದೆ.

“ದುರ್ಗಾ ವೈನೀ! ಮ್ಯಾಲ ಬರ್ರಿ! ಸೂರ್ಯ ಯಾವ ಕಡೆ ಹುಟ್ಟತಾನಂತ ನಿಮ್ಮ ಮನಿಯವ್ರಿಗೆ ತೋರಸ್ರಿ!”

ಗಂಡ ಆಗ ತಲೆಯೆತ್ತಿದರು. ಬಿಸಿಲು ಅಪ್ಪಾಸಾಹೇಬರ ಬೆನ್ನಿಗೆ ಬೀಳುತ್ತಿತ್ತು, ಮುಖ ನಮ್ಮ ಕಡೆಗಿತ್ತು. ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತು.

ದುರ್ಗಾ ಸೆರಗಿಗೆ ಕೈ ಒರೆಸುತ್ತ ಮೇಲೆ ಬಂದರು. ಏನು, ಯಾಕೆ ಎಂದು ಕೇಳಲಿಲ್ಲ. ತಮ್ಮ ಗಂಡನ ಎರಡೂ ಭುಜ ಹಿಡಿದು ಪೂರ್ವಕ್ಕೆ ತಿರುಗಿಸಿದರು. ತಂಬಿಗೆ ಕಸಿದು ನೀರನ್ನು ತಾವೇ ಚೆಲ್ಲಿದರು. ಆಕೆಗೆ ಗೊತ್ತಿತ್ತು. ವರ್ಗವಾಗಿ ಹೋದ ಎಷ್ಟು ಊರುಗಳಿಂದ, ಎಷ್ಟು ಮನೆಗಳಿಂದ ಗೊತ್ತಿತ್ತೋ.

ನನ್ನ ಗಂಡ ಎದ್ದು ಬಲೆ ಕೈಗೆತ್ತಿಕೊಂಡರು. ನನ್ನ ಮುಖ ನೋಡದೆ, “ಇನ್ನೂ ಎಲಿ ಉಳದಾವ” ಎನ್ನುತ್ತ ಬಗ್ಗಿದರು.

ನೀರಿನಲ್ಲಿ ಒಂದು ಎಲೆಯೂ ಇರಲಿಲ್ಲ.